ಅರಗಿನ ತಟ್ಟೆಯೋ, ಎಲ್‌ಪಿಯೋ?

ಚಿಕ್ಕಮಗಳೂರಿನ ಯಾವುದೋ ತೋಟದ ಮನೆಯ ಅಟ್ಟದಿಂದ ಇಳಿದ ಹಳೆಯ ಗ್ರಾಮಫೋನ್ ತಟ್ಟೆಗಳ ಕಟ್ಟು ಮಾರಾಟಕ್ಕಿದೆ ಎಂದರೆ, ಬೆಲೆ ಕೇಳುವ ಮೊದಲು ಅವು ಯಾವ ಜಾತಿಯವೆಂದು ನೋಡಿ.

ಅರಗು ಬೆರೆಸಿ ಮಾಡಿದ, ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ ಭಾರ. ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತದೆ, ಆಲಾಪನೆಗೆ ಜಾಗವೇ ಇಲ್ಲ. 1948ರಲ್ಲಿ ಕೊಲಂಬಿಯಾ ಕಂಪನಿ ತಂದ ವಿನೈಲ್ ಪ್ಲಾಸ್ಟಿಕ್ಕಿನ ಎಲ್‌ಪಿ (ಲಾಂಗ್ ಪ್ಲೇ ತಟ್ಟೆ) ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ನುಡಿಯುತ್ತದೆ. ಸದ್ದಿನ ಕರಕರವೂ ಕಡಿಮೆ.

ನಿಜವಾದ ತೊಡಕು ಸೂಜಿಯದು. 78ರಲ್ಲಿ ಸೂಜಿ ಓಡುವ ಗೀರು ಅಗಲ, ಎಲ್‌ಪಿಯದು ಬಹಳ ಸಣ್ಣದು. ಎರಡಕ್ಕೂ ಬೇರೆ ಬೇರೆ ಸೂಜಿ ಬೇಕು. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಸೂಜಿಯನ್ನು ಎಲ್‌ಪಿಯ ಮೇಲೆ ಇಟ್ಟರೆ ತಟ್ಟೆಯ ಕಥೆ ಮುಗಿಯಿತು. ಈಗಿನ ಅಗ್ಗದ ಪ್ಲೇಯರುಗಳಲ್ಲಿ 78ರ ವೇಗವಿದ್ದರೂ ಅದಕ್ಕೆ ತಕ್ಕ ಸೂಜಿ ಇರುವುದು ಅಪರೂಪ. ಅಂಗಡಿಯವರು ಇದನ್ನು ತಾವಾಗಿ ಹೇಳುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ರಟ್ಟಿನ ಹೊದಿಕೆಗೆ ಬೂಷ್ಟು ಹಿಡಿಯುತ್ತದೆ. ಆದರೆ ಬೂಷ್ಟು ಒರೆಸಲೆಂದು ಅರಗಿನ ತಟ್ಟೆಗೆ ಸ್ಪಿರಿಟ್ ಸೋಕಿಸಬೇಡಿ, ಅರಗು ಕರಗುತ್ತದೆ. ಎರಡನ್ನೂ ನೆಟ್ಟಗೆ ನಿಲ್ಲಿಸಿಡಿ.

ಕೇಳುವ ಆಸೆಯಿಂದ ಕೊಳ್ಳುವವರಿಗೆ ನನ್ನ ಮತ ಎಲ್‌ಪಿಗೇ. ಹಳೆಯ ರಂಗಗೀತೆಗಳ ಹುಚ್ಚಿರುವವರು ಮಾತ್ರ 78ನ್ನು ಬಿಡಲಾರರು. ಅವರು ತಟ್ಟೆಗೆ ಮೊದಲು ಸರಿಯಾದ ಸೂಜಿಗೆ ಹಣ ತೆಗೆದಿಡಲಿ.