ಲೋಕಸ್ಟ್: ಪುಕ್ಕಟೆ ಸಿಗುತ್ತೆ, ಕೆಲಸ ಮಾತ್ರ ಗಟ್ಟಿ

ನಮ್ಮ ಬುಕಿಂಗ್ ಸೈಟ್‌ನ ಲೋಡ್ ಟೆಸ್ಟ್‌ಗೆ (ಒಟ್ಟಿಗೆ ತುಂಬಾ ಜನ ಬಂದರೆ ಸೈಟ್ ತಡೆಯುತ್ತಾ ಅಂತ ನೋಡುವುದಕ್ಕೆ) ನಾನೀಗ ಬಳಸುವುದು ಲೋಕಸ್ಟ್ ಅನ್ನುವ ಟೂಲ್. ಪೈಥಾನ್ ಗೊತ್ತಿದ್ದರೆ ಸಾಕು, ಗ್ರಾಹಕ ಏನೇನು ಒತ್ತುತ್ತಾನೆ ಅನ್ನುವುದನ್ನು ಕೋಡ್‌ನಲ್ಲೇ ಬರೆಯಬಹುದು. ಇದೇ ಕೆಲಸದ ಇನ್ನೊಂದು ಟೂಲ್ ಜೆಮೀಟರ್‌ನ ಎಕ್ಸ್‌ಎಂಎಲ್ ಫೈಲನ್ನು ಗಿಟ್‌ನಲ್ಲಿ ರಿವ್ಯೂ ಮಾಡಿದವರಿಗೆ ಇದರ ಸುಖ ಗೊತ್ತು, ಅಲ್ವಾ?

ಲೋಡ್ ಜಾಸ್ತಿ ಬೇಕಾದರೆ ಹಲವು ಮಷೀನ್ ಜೋಡಿಸಬಹುದು: ಒಂದರಲ್ಲಿ ಎಲ್ಲವನ್ನೂ ನಡೆಸುವ ಮಾಸ್ಟರ್, ಉಳಿದವುಗಳಲ್ಲಿ ನಕಲಿ ಗ್ರಾಹಕರನ್ನು ಓಡಿಸುವ ವರ್ಕರ್‌ಗಳು. ವರ್ಕರ್‌ಗಳು ಸಂಪರ್ಕಿಸಲು ಮಾಸ್ಟರ್‌ನಲ್ಲಿ 5557 ಪೋರ್ಟ್ ತೆರೆದಿರಬೇಕು. ಒಂದು ವರ್ಕರ್ ಒಂದು ಸಿಪಿಯು ಕೋರ್‌ಗಿಂತ ಜಾಸ್ತಿ ಬಳಸುವುದಿಲ್ಲ, ಹಾಗಾಗಿ ಕೋರ್‌ಗೊಂದು ವರ್ಕರ್ ಓಡಿಸಿ. ಬ್ರೌಸರ್‌ನಲ್ಲಿ ಮಾಸ್ಟರ್‌ನ 8089 ಪೋರ್ಟ್ ತೆರೆದರೆ ಸೈಟ್ ಉತ್ತರಿಸಲು ಹಿಡಿದ ಸಮಯದ ಗ್ರಾಫ್ ಬರುತ್ತದೆ. 50ನೇ ಪರ್ಸೆಂಟೈಲ್ ಗೆರೆ (ಅರ್ಧದಷ್ಟು ರಿಕ್ವೆಸ್ಟ್‌ಗಳು ಇಷ್ಟು ಸಮಯದೊಳಗೆ ಮುಗಿದವು ಅಂತ) ತಣ್ಣಗೆ ಮಲಗಿರುವಾಗಲೇ 95ನೆಯದು (ನೂರಕ್ಕೆ 95 ಮುಗಿದವು ಅಂತ) ಸರ್ರನೆ ಮೇಲೇರುತ್ತದೆ. ನಾನು ನಂಬುವುದು ಆ 95ನೆಯದನ್ನೇ.

ವರ್ಕರ್‌ನ ಸಿಪಿಯು 90% ದಾಟಿದರೆ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ಆಗ ನಿಧಾನ ವರ್ಕರ್‌ನದೇ ಇರಬಹುದು; ಆ ಎಚ್ಚರಿಕೆ ನೋಡದೆ ರಿಪೋರ್ಟ್ ಕಳಿಸಿದರೆ ಸರ್ವರ್ ಮೇಲೆ ಸುಮ್ನೆ ಗೂಬೆ ಕೂರಿಸಿದ ಹಾಗೆ.