ಟೆಟ್ರಾಕಿಸೋ, ಪಿಡಿ-ಡಿಪಿಪಿಎಫೋ? ಮೂರು ಕಾಲಂ ಹಾಕಿದವಳ ಲೆಕ್ಕ

ಟೆಟ್ರಾಕಿಸ್, ಪಿಡಿ-ಡಿಪಿಪಿಎಫ್ ಎರಡೂ ರಿಯಾಕ್ಷನ್ ಓಡಿಸುವ ಪಲ್ಲಾಡಿಯಂ ಕ್ಯಾಟಲಿಸ್ಟ್‌ಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಿಪಿಪಿಎಫ್‌ಗೆ. ಟೆಟ್ರಾಕಿಸ್ ಜೊತೆ ಒಂದೂವರೆ ತಿಂಗಳು ಗುದ್ದಾಡಿದವಳ ಮಾತಿದು, ಸ್ವಲ್ಪ ಸಿಟ್ಟು ಬೆರೆತಿದ್ದರೆ ಸಹಿಸಿಕೊಳ್ಳಿ.

ಕೆಲಸ ಸುಜುಕಿ ಕಪ್ಲಿಂಗ್, ಅಂದರೆ ಎರಡು ಅಣುಗಳ ಕಾರ್ಬನ್ನುಗಳನ್ನು ಪಲ್ಲಾಡಿಯಂ ಸಹಾಯದಿಂದ ಜೋಡಿಸುವುದು. 1979ರಲ್ಲಿ ಶುರುವಾದದ್ದು, 2010ರಲ್ಲಿ ಹೆಕ್, ನೆಗಿಶಿ ಜೊತೆ ಸುಜುಕಿಯವರಿಗೆ ನೊಬೆಲ್ ಸಿಕ್ಕಿದ್ದು ಈ ಕೆಲಸಕ್ಕೇ. ನಾನು ಮಾಡಿದ್ದು ತೀರಾ ಮಾಮೂಲಿ: ಒಂದು ಅರೈಲ್ ಬ್ರೋಮೈಡ್, ಒಂದು ಬೊರಾನಿಕ್ ಆಸಿಡ್ (ಜೋಡಿಸಬೇಕಾದ ಎರಡು ತುಂಡುಗಳು ಇವೇ), ಪೊಟ್ಯಾಸಿಯಂ ಕಾರ್ಬೊನೇಟ್, ಡಯಾಕ್ಸೇನ್ ಮತ್ತು ನೀರು, 90 ಡಿಗ್ರಿ. ಜೊತೆಗೆ ಚಿಟಿಕೆ ಪಲ್ಲಾಡಿಯಂ. ಯಾವ ಪಲ್ಲಾಡಿಯಂ ಅನ್ನೋದೇ ತಕರಾರು.

ಟೆಟ್ರಾಕಿಸ್‌ನಲ್ಲಿ ಒಂದು ಪಲ್ಲಾಡಿಯಂಗೆ ನಾಲ್ಕು ಟ್ರೈಫಿನೈಲ್‌ಫಾಸ್ಫೀನ್ ಲಿಗಂಡ್, ಅಂದರೆ ಲೋಹಕ್ಕೆ ಅಂಟಿಕೊಂಡ ಅಣುಗಳು. ಒಬ್ಬ ನೆಂಟನನ್ನು ಊಟಕ್ಕೆ ಕರೆದರೆ ಹಿಂದೆ ನಾಲ್ಕು ಜನ ಬಂದ ಹಾಗೆ. ಕೆಲಸ ಮುಗಿದ ಮೇಲೆ ಈ ನಾಲ್ವರು ಆಕ್ಸಿಜನ್ ಹಿಡಿದುಕೊಂಡು ಫಾಸ್ಫೀನ್ ಆಕ್ಸೈಡ್ ಆಗಿ ಫ್ಲಾಸ್ಕಲ್ಲೇ ಕೂತುಬಿಡುತ್ತಾರೆ. ನನ್ನದು 0.5 ಮಿಲಿಮೋಲ್ ಸ್ಕೇಲ್, 5 ಮೋಲ್ ಶೇಕಡಾ ಕ್ಯಾಟಲಿಸ್ಟ್ (ನೂರು ಬ್ರೋಮೈಡ್ ಅಣುವಿಗೆ ಐದು). ಲೆಕ್ಕ ಹಾಕಿದರೆ ಪೂರ್ತಿ ಬಂದರೂ 113 ಮಿಲಿಗ್ರಾಂ ಪ್ರಾಡಕ್ಟ್, ಅದರ ಜೊತೆ ಸುಮಾರು 28 ಮಿಲಿಗ್ರಾಂ ಆಕ್ಸೈಡ್!

ನನ್ನ ಪ್ರಾಡಕ್ಟಲ್ಲಿ ಒಂದು ಅಮೈಡ್ ಇತ್ತು, ಎಡವಟ್ಟಾದದ್ದೇ ಅಲ್ಲಿ: ಅದರಿಂದ ಪ್ರಾಡಕ್ಟೂ ಆಕ್ಸೈಡೂ ಸಿಲಿಕಾದ ಮೇಲೆ ಒಟ್ಟೊಟ್ಟಿಗೇ ಓಡಿದವು. ಹೆಕ್ಸೇನ್–ಇಥೈಲ್ ಅಸಿಟೇಟ್ ಅರ್ಧರ್ಧ ಹಾಕಿ ಟಿಎಲ್‌ಸಿ (ಮಿಶ್ರಣದಲ್ಲಿ ಏನೇನಿದೆ ಎಂದು ಸಿಲಿಕಾ ತಗಡಿನ ಮೇಲೆ ನೋಡುವ ಪರೀಕ್ಷೆ) ಓಡಿಸಿದರೆ ಯುವಿ ಕೆಳಗೆ ದುಂಡಗೆ ಒಂದೇ ಸ್ಪಾಟ್. ಖುಷಿಯಿಂದ ಕಾಲಂ ಹಾಕಿದೆ (ಸಿಲಿಕಾ ತುಂಬಿದ ಕೊಳವೆಯಲ್ಲಿ ಇಳಿಸಿ ಬೇರ್ಪಡಿಸುವುದು), ರೋಟಾದಲ್ಲಿ ದ್ರಾವಕ ಹಾರಿಸಿ ಒಣಗಿಸಿದೆ, ಬೆಳ್ಳಗೆ ಪುಡಿ ಬಂತು. ಅಣುವಿನ ಗುರುತು ತೋರಿಸುವ ಎನ್‌ಎಂಆರ್ ನೋಡಿದರೆ 7.4ರಿಂದ 7.7ರ ತನಕ ಯಾರೂ ಕರೆಯದ ಗುಂಪು. ಡಿಸಿಎಂ (ಡೈಕ್ಲೋರೋಮೀಥೇನ್)–ಮೆಥನಾಲ್‌ನಲ್ಲಿ ಎರಡನೇ ಕಾಲಂ. ಪ್ರಾಡಕ್ಟೂ ಆ ಗುಂಪೂ ಕೈಕೈ ಹಿಡಿದುಕೊಂಡೇ ಇಳಿದರು. ಅನುಮಾನ ಬಂದು ಫಾಸ್ಫರಸ್ ಎನ್‌ಎಂಆರ್ ತೆಗೆಸಿದೆ. 29ರ ಹತ್ತಿರ ಕಂಬದ ಹಾಗೆ ಒಂದು ಪೀಕ್, ಅದೇ ಫಾಸ್ಫೀನ್ ಆಕ್ಸೈಡ್.

ಪಕ್ಕದ ಲ್ಯಾಬಿನ ಅಕ್ಕ ಒಬ್ಬರು, "ಎಥನಾಲಲ್ಲಿ ಕರಗಿಸಿ ಜಿಂಕ್ ಕ್ಲೋರೈಡ್ ಹಾಕು, ಆಕ್ಸೈಡ್ ಗಟ್ಟಿಯಾಗಿ ಕೆಳಗೆ ಕೂರುತ್ತೆ, ಸೋಸಿಬಿಡು" ಅಂದರು. ನಿಜ, ಕೂತಿತು. ಆದರೆ ಪೂರ್ತಿ ಅಲ್ಲ. ಮೂರನೇ ಕಾಲಂ ಮುಗಿಯುವಾಗ ಕೈಗೆ ಸಿಕ್ಕಿದ್ದು 38 ಮಿಲಿಗ್ರಾಂ.

ಬಾಟಲಿಯ ಕಥೆ ಬೇರೆ. ಟೆಟ್ರಾಕಿಸ್ ಹೊಸದರಲ್ಲಿ ನಿಂಬೆಹಣ್ಣಿನ ಹಳದಿ ಇರಬೇಕು. ನಮ್ಮ ಫ್ರಿಜ್ಜಿನದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ತಣ್ಣಗಿರುವಾಗಲೇ ಮುಚ್ಚಳ ತೆಗೆದು ಗಾಳಿ, ತೇವ ಒಳಗೆ ಬಿಟ್ಟವರು ಎಷ್ಟು ಜನವೋ.

ಆಮೇಲೆ ಪಿಡಿ-ಡಿಪಿಪಿಎಫ್, ಅದೇ ಡಿಸಿಎಂ ಸೇರಿದ ಕಿತ್ತಳೆ ಪುಡಿ. ಇದರಲ್ಲಿ ಒಂದು ಪಲ್ಲಾಡಿಯಂಗೆ ಒಂದೇ ಲಿಗಂಡ್. ಗಾಳಿಗೆ ಹೆದರುವುದಿಲ್ಲ, ತಕ್ಕಡಿಯ ಮುಂದೆ ನಿಧಾನವಾಗಿ ತೂಗಬಹುದು. ನನಗೆ 3 ಮೋಲ್ ಶೇಕಡಾ ಸಾಕಾಯಿತು. ಕಂದು ಕಸ ಸಿಲಿಕಾದ ತಲೆಯಲ್ಲೇ ಉಳಿಯಿತು, ಒಂದೇ ಕಾಲಂ, 91 ಮಿಲಿಗ್ರಾಂ. ತಪ್ಪೇ ಇಲ್ಲ ಅಂತಲ್ಲ. ಇದರಲ್ಲಿ ಪಲ್ಲಾಡಿಯಂ +2 ಸ್ಥಿತಿಯಲ್ಲಿದೆ, ಕೆಲಸಕ್ಕೆ ಬೇಕಿರುವುದು ಸೊನ್ನೆ ಸ್ಥಿತಿಯ ಪಲ್ಲಾಡಿಯಂ. ಆ ಬದಲಾವಣೆಗೆ ಸ್ವಲ್ಪ ಬೊರಾನಿಕ್ ಆಸಿಡ್ ತನ್ನಲ್ಲೇ ಜೋಡಿಯಾಗಿ ಹಾಳಾಗುತ್ತದೆ. ಅದಕ್ಕೇ ನಾನು ಒಂದು ಪಾಲು ಬ್ರೋಮೈಡಿಗೆ 1.3 ಪಾಲು ಬೊರಾನಿಕ್ ಆಸಿಡ್ ಹಾಕುತ್ತೇನೆ.

ಪಿಡಿ-ಕಾರ್ಬನ್ (ಇದ್ದಿಲ ಪುಡಿಯ ಮೇಲೆ ಕೂರಿಸಿದ ಪಲ್ಲಾಡಿಯಂ) ಕೂಡ ನೋಡಿದೆ. ಸೋಸುವುದು ಸುಲಭ, ಆದರೆ ನನ್ನ ಬ್ರೋಮೈಡ್ ಅರ್ಧಕ್ಕೇ ನಿಂತಿತು. ನಿಕಲ್ ಅಗ್ಗ, ನಿಜ. ಆದರೆ ನಿಕಲ್-ಸಿಒಡಿ ಎಂಬ ಕ್ಯಾಟಲಿಸ್ಟಿಗೆ ಗಾಳಿ ಸೋಕದ ಗ್ಲೋವ್‌ಬಾಕ್ಸ್ ಬೇಕು, ನಮ್ಮ ಗ್ಲೋವ್‌ಬಾಕ್ಸ್ ಕ್ಯೂ ರೇಷನ್ ಅಂಗಡಿಗಿಂತ ಉದ್ದ.

ದುಡ್ಡಿನ ವಿಷಯ. ಗ್ರಾಂ ರೇಟ್ ನೋಡಿ ಮೋಸ ಹೋಗಬೇಡಿ. ಟೆಟ್ರಾಕಿಸ್ ತೂಕದಲ್ಲಿ ಪಲ್ಲಾಡಿಯಂ ಸುಮಾರು ಶೇ. 9, ಈ ಕಿತ್ತಳೆ ಪುಡಿಯಲ್ಲಿ ಶೇ. 13. ನನ್ನ ಅಳತೆಗೆ ಒಂದು ಗ್ರಾಂ ಟೆಟ್ರಾಕಿಸ್‌ನಲ್ಲಿ 34 ರಿಯಾಕ್ಷನ್, ಡಿಪಿಪಿಎಫ್‌ನಲ್ಲಿ 81. ನನ್ನ ಕಂಟಿಂಜೆನ್ಸಿ ದುಡ್ಡಿಗೆ ಇಷ್ಟು ಸಾಕು. ಜೊತೆಗೆ ನಾನು ಡೀಗ್ಯಾಸ್ ಮಾಡುವುದರಲ್ಲಿ (ದ್ರಾವಕದಿಂದ ಆಕ್ಸಿಜನ್ ಓಡಿಸುವುದು) ಸೋಮಾರಿ, 20 ನಿಮಿಷ ನೈಟ್ರೋಜನ್ ಬಿಡುವ ಕಡೆ 10ಕ್ಕೇ ಸೂಜಿ ಕೀಳುವವಳು; ಗಾಳಿಗೆ ಹೆದರದ ಪುಡಿಯೇ ನನಗೆ ಸರಿ.

ನಿಮ್ಮದು ಬ್ರೋಮೈಡ್ ಬದಲು ಅಯೋಡೈಡ್ ಆಗಿದ್ದು, ಪ್ರಾಡಕ್ಟ್ ಹೆಕ್ಸೇನಲ್ಲೇ ಮೇಲೆ ಓಡುವಂಥದ್ದಾದರೆ ಟೆಟ್ರಾಕಿಸ್ ಹಾಕಿ, ತೊಂದರೆ ಇಲ್ಲ. ಆಕ್ಸೈಡ್ ಕೆಳಗೇ ಉಳಿಯುತ್ತದೆ. ಬಾಟಲಿ ಮಾತ್ರ ನಿಮ್ಮದೇ ಇರಲಿ.