ಸ್ಕೋಲಿಯೋಸಿಸ್ ಬ್ರೇಸ್: ಎರಡೂವರೆ ವರ್ಷ ಬಳಸಿದ ಮೇಲೆ

ಮಗಳ ಬೆನ್ನಿನ ಸೊಟ್ಟನ್ನು ಮೊದಲು ಕಂಡವರು ನಮ್ಮ ಬೀದಿಯ ದರ್ಜಿ. ಏಳನೇ ತರಗತಿಯ ಸಮವಸ್ತ್ರಕ್ಕೆ ಅಳತೆ ತೆಗೆಯುವಾಗ, "ಅಕ್ಕಾ, ಪಾಪುವಿನ ಬಲ ಹೆಗಲು ಒಂದು ಬೆರಳು ಮೇಲಿದೆ" ಎಂದರು. ಅತ್ತೆಯವರು ಶಾಲೆಯ ಚೀಲವನ್ನು ಬೈದರು. ದಾವಣಗೆರೆಯಲ್ಲಿ ಮೊದಲು ತೋರಿಸಿದ ಕಡೆ ಕ್ಯಾಲ್ಸಿಯಂ ಮಾತ್ರೆ ಬರೆದು, ಹೆಗಲನ್ನು ಹಿಂದಕ್ಕೆಳೆಯುವ ಅಂಗಡಿಯ ಬೆಲ್ಟ್ ಕೊಡಿಸಿದರು. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುವ, ಸ್ಕೋಲಿಯೋಸಿಸ್ ಎಂಬ ಈ ತೊಂದರೆಗೆ ಆ ಬೆಲ್ಟ್‌ನಿಂದ ಏನೂ ಆಗದು. ಏಳು ತಿಂಗಳು ದಂಡವಾಯಿತು.

ಬೆಂಗಳೂರಿನಲ್ಲಿ ಮಕ್ಕಳ ಬೆನ್ನುಮೂಳೆಯನ್ನೇ ನೋಡುವ ತಜ್ಞರು ಅವಳನ್ನು ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಿಸಿದರು. ಬಲಪಕ್ಕೆ ಮಗುಚಿಟ್ಟ ಮೊರದಂತೆ ಎದ್ದು ನಿಂತಿತು. ನಿಂತ ಭಂಗಿಯ ಎಕ್ಸ್-ರೇಯಲ್ಲಿ ಕಾಬ್ ಕೋನ, ಅಂದರೆ ಸೊಟ್ಟಿನ ಅಳತೆ, 31 ಡಿಗ್ರಿ. ಇನ್ನೂ ಮೈನೆರೆದಿರಲಿಲ್ಲ, ಅಂದರೆ ಬೆಳವಣಿಗೆ ಬಾಕಿ, ಸೊಟ್ಟ ಹೆಚ್ಚುವ ಭಯವೂ ಬಾಕಿ. ಅಳತೆಗೆ ಮಾಡಿಸಿದ ಬ್ರೇಸ್ ಬೇಕು, ದಿನಕ್ಕೆ 18 ಗಂಟೆ ತೊಡಬೇಕು ಎಂದರು. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾ ಅಧ್ಯಯನವೊಂದನ್ನೂ ಹೇಳಿದರು: ಬ್ರೇಸ್ ತೊಟ್ಟವರಲ್ಲಿ ಶೇ. 72 ಮಕ್ಕಳು ಬೆಳವಣಿಗೆ ಮುಗಿಯುವವರೆಗೂ, ಶಸ್ತ್ರಚಿಕಿತ್ಸೆಯ ಮಾತು ಬರುವ 50 ಡಿಗ್ರಿ ಮುಟ್ಟಲಿಲ್ಲ, ತೊಡದವರಲ್ಲಿ ಶೇ. 48. ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಫಲ.

ಇನ್ನು ಬ್ರೇಸ್‌ನ ಮಾತು. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಒಳಗೆ ಒತ್ತುವ ಮೆತ್ತೆಗಳು, ಹಿಂದೆ ಮೂರು ಪಟ್ಟಿ. ಎಷ್ಟು ಬಿಗಿಯಬೇಕೆಂದು ಪಟ್ಟಿಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದುಕೊಟ್ಟಿದ್ದರು. ರಾತ್ರಿ ಆ ಗೆರೆ ಮುಟ್ಟಿಸುವ ಹೊತ್ತಿಗೆ ನಮ್ಮಿಬ್ಬರಿಗೂ ಜಗಳ. ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್ ಕಡ್ಡಾಯ. ಬಿಚ್ಚಿದಾಗ ಚರ್ಮದ ಕೆಂಪು ಅರ್ಧ ಗಂಟೆಯಲ್ಲಿ ಇಳಿಯಬೇಕು, ಇಳಿಯದಿದ್ದರೆ ಅಲ್ಲಿ ಕವಚ ಕಚ್ಚುತ್ತಿದೆ ಎಂದರ್ಥ. ಕೊಬ್ಬರಿ ಎಣ್ಣೆ ಹಚ್ಚಿ ಬೈಸಿಕೊಂಡೆ. ಚರ್ಮ ಮೆತ್ತಗಾಗಿ ಇನ್ನಷ್ಟು ಉಜ್ಜುತ್ತದಂತೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಅದನ್ನು ತೊಡಿಸುವುದು ಪಾಪವೆನ್ನಿಸುತ್ತಿತ್ತು. ದಿನಕ್ಕೆ ಮೂರು ಬನಿಯನ್ ಒಗೆದಿದ್ದೇನೆ. 18 ಗಂಟೆ ಆಗಿದ್ದು ಕಡಿಮೆ ದಿನ, ಸಾಮಾನ್ಯವಾಗಿ 15.

ನನ್ನ ಪೂರ್ತಿ ಅಂಕ ಬ್ರೇಸ್ ತಯಾರಿಸಿದ ಆರ್ಥೋಟಿಸ್ಟ್‌ಗೆ. ಮೊದಲ ತಿಂಗಳು ಮೂರು ಸಲ ಅಂಚು ಸವರಿ ಕೊಟ್ಟರು. ಬ್ರೇಸ್ ತೊಟ್ಟೇ ಒಂದು ಎಕ್ಸ್-ರೇ ತೆಗೆಸಿ, ಒಳಗೆ 17 ಡಿಗ್ರಿಗೆ ಇಳಿದಿದೆ ಎಂದು ನೋಡಿದ ಮೇಲೆಯೇ ಬಾಕಿ ಹಣ ಕೇಳಿದರು. ಈ ಎಕ್ಸ್-ರೇ ಬೇಡವೆನ್ನುವವರಲ್ಲಿ ಮಾಡಿಸಬೇಡಿ. ಒಂದೂವರೆ ವರ್ಷಕ್ಕೆ ಅವಳು ಬೆಳೆದು ಎರಡನೆಯ ಬ್ರೇಸ್ ಬೇಕಾಯಿತು. ಆ ಖರ್ಚನ್ನು ಮೊದಲೇ ಯಾರೂ ಹೇಳಿರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಬಿಚ್ಚಿಸಿದರು. ಈಗ 33 ಡಿಗ್ರಿ. ಎರಡೂವರೆ ವರ್ಷ ಗೋಳಾಡಿ ಎರಡು ಡಿಗ್ರಿ ಹೆಚ್ಚಿತೇ ಎಂದು ನಮ್ಮವರು ಕೇಳಿದರು. ಅಳತೆಯಲ್ಲೇ ನಾಲ್ಕೈದು ಡಿಗ್ರಿ ಆಚೀಚೆಯಾಗುತ್ತದೆ, ಇದ್ದಲ್ಲೇ ನಿಂತಿದೆ ಎಂದರು ಡಾಕ್ಟರು. ಸೊಟ್ಟ ನೇರವಾಗುತ್ತದೆಂದು ಕೊಂಡರೆ ನಿರಾಸೆಯೇ. ಇದರ ಕೆಲಸ ತಡೆಯುವುದು.

ಐದಕ್ಕೆ ನಾಲ್ಕು. ಒಂದನ್ನು ಕಳೆದದ್ದು ವೆಲ್ಕ್ರೋಗೆ: ಆರೇ ತಿಂಗಳಲ್ಲಿ ನೂಲೆದ್ದು ಹಿಡಿತ ಬಿಟ್ಟಿತು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವರು ಹಾಕಿಕೊಟ್ಟ ಪಟ್ಟಿ ಕೊನೆಯ ದಿನದವರೆಗೂ ಬಂತು.